ಕನ್ನಡ ಮಾಧ್ಯಮದಿಂದ ಬಿಡಿಎಸ್‌ಗೆ: ರೋಗಿಯ ಮಾತಿನಿಂದಲೇ ಇಂಗ್ಲಿಷ್ ಕಲಿಯುವ ದಾರಿ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿವರೆಗೆ ಓದಿದ ಮಕ್ಕಳು ಪ್ಲಸ್ ವನ್‌ಗೆ ಬಂದಾಗ ಒಮ್ಮೆಲೇ ಇಂಗ್ಲಿಷ್ ಪಠ್ಯದ ಎದುರು ನಿಲ್ಲುತ್ತಾರೆ. ಅಲ್ಲಿಂದ ಎರಡು ವರ್ಷ ನೀಟ್ ತಯಾರಿಯಲ್ಲಿ ಕಳೆಯುತ್ತದೆ. ಆ ಪರೀಕ್ಷೆಯಲ್ಲಿ ಓದಿ ಸರಿಯುತ್ತರಕ್ಕೆ ಗುರುತು ಹಾಕಿದರೆ ಮುಗಿಯಿತು. ಒಂದು ಪೂರ್ತಿ ವಾಕ್ಯ ಬರೆಯಬೇಕೆಂದಿಲ್ಲ, ಬಾಯಿ ಬಿಡಬೇಕೆಂದಂತೂ ಇಲ್ಲವೇ ಇಲ್ಲ. ಆಮೇಲೆ ಪೊಯಿನಾಚಿಯಲ್ಲೋ ದೇರಳಕಟ್ಟೆಯಲ್ಲೋ ಸುಳ್ಯದಲ್ಲೋ ಬಿಡಿಎಸ್ ಎಂಬ ದಂತವೈದ್ಯ ಪದವಿಗೆ ಸೀಟು ಸಿಗುತ್ತದೆ. ಅಲ್ಲಿ ವೈವಾ, ಸೆಮಿನಾರ್, ಕೇಸ್ ಪ್ರೆಸೆಂಟೇಶನ್, ಎಲ್ಲವೂ ಬಾಯಲ್ಲೇ ನಡೆಯುವಂಥದ್ದು. ವಿಷಯ ಚೆನ್ನಾಗಿ ಗೊತ್ತಿದ್ದೂ ಸ್ಟಾಫ್ ಎದುರು, ಅಂದರೆ ಕಲಿಸುವ ವೈದ್ಯರ ಎದುರು, ಮಾತು ಕಟ್ಟಿಹೋಗುವ ಹುಡುಗ ಹುಡುಗಿಯರು ನಮ್ಮ ಕಡೆ ತುಂಬ ಮಂದಿ ಇದ್ದಾರೆ. ಈ ಲೇಖನ ಅವರಿಗಾಗಿ.

ಇಂಥವರಿಗೆ ನೆಂಟರಿಷ್ಟರು ಕೊಡುವ ಸಲಹೆ ಒಂದೇ: ಯಾವುದಾದರೂ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರು. ಅಲ್ಲಿ ಹೋಟೆಲಿನಲ್ಲಿ ಊಟ ಕೇಳುವುದು, ವಿಮಾನ ನಿಲ್ದಾಣದಲ್ಲಿ ವಿಚಾರಿಸುವುದು, ತನ್ನ ಪರಿಚಯ ಹೇಳಿಕೊಳ್ಳುವುದು ಕಲಿಸುತ್ತಾರೆ. ಅದರಿಂದ ನಷ್ಟವೇನೂ ಇಲ್ಲ. ಆದರೆ ಹಲ್ಲಿನ ವೈದ್ಯರಾಗುವವರಿಗೆ ಮೊದಲು ಬೇಕಾದ ಇಂಗ್ಲಿಷ್ ಬೇರೆ, ಅದರ ಹರವೂ ಚಿಕ್ಕದು ಎಂಬುದು ನನ್ನ ದೃಢ ಅಭಿಪ್ರಾಯ. ರೋಗಿ ತನ್ನ ಭಾಷೆಯಲ್ಲಿ ಹೇಳಿದ್ದನ್ನು ಇಂಗ್ಲಿಷ್ ಕೇಸ್ ಶೀಟಿಗೆ ಇಳಿಸಬೇಕು. ಅದನ್ನು ಸ್ಟಾಫ್‌ಗೆ ಅರ್ಧ ನಿಮಿಷದಲ್ಲಿ ಒಪ್ಪಿಸಬೇಕು. ಅವರು ಇಂಗ್ಲಿಷಿನಲ್ಲಿ ಹೇಳಿದ ಚಿಕಿತ್ಸೆಯನ್ನು ಮತ್ತೆ ರೋಗಿಗೆ ತಿಳಿಯುವ ಹಾಗೆ ಹೇಳಬೇಕು. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ದಿನಕ್ಕೆ ಮೂರು ಭಾಷೆ ಬದಲಿಸಿ ಬೆಳೆದ ಕಾಸರಗೋಡಿನವರಿಗೆ ಈ ಅದಲು ಬದಲಿನ ಕೆಲಸ ಹೊಸದಲ್ಲ. ನಾಲ್ಕನೆಯದಾಗಿ ಇಂಗ್ಲಿಷನ್ನು ಇದರೊಳಗೆ ಸೇರಿಸಿಕೊಳ್ಳಬೇಕು, ಅಷ್ಟೆ.

ಮೊದಲ ವರ್ಷ: ಗಟ್ಟಿಯಾಗಿ ಓದಿ

ಮೊದಲ ವರ್ಷದಲ್ಲಿ ರೋಗಿ ಸಿಗುವುದಿಲ್ಲ, ಪುಸ್ತಕ ಮಾತ್ರ. ಹಾಗಾಗಿ ಅಲ್ಲಿಂದಲೇ ಶುರು ಮಾಡಿ. ಡೆಂಟಲ್ ಅನಾಟಮಿ ಪಠ್ಯದ ಅರ್ಧ ಪುಟವನ್ನು ದಿನವೂ ದನಿ ತೆಗೆದು ಓದಿ. ಮನಸ್ಸಿನೊಳಗೆ ಓದಿದರೆ ಕಣ್ಣು ಪದವನ್ನು ಹಾರಿಸಿಬಿಡುತ್ತದೆ. ದನಿ ತೆಗೆದಾಗ ಹಾರಿಸಲು ಆಗುವುದಿಲ್ಲ, ಎಲ್ಲಿ ತಡವರಿಸುತ್ತೀರಿ ಎಂಬುದು ಕೂಡಲೇ ಗೊತ್ತಾಗುತ್ತದೆ. ತಡವರಿಸಿದ ಪದಕ್ಕೆ ಪೆನ್ಸಿಲ್ ಗುರುತು ಹಾಕಿ, ಫೋನಿನ ನಿಘಂಟಿನಲ್ಲಿ ಅದರ ಉಚ್ಚಾರ ಕೇಳಿ, ಮತ್ತೆ ಅದೇ ವಾಕ್ಯ ಓದಿ.

ನಮ್ಮ ನಾಲಿಗೆ ಎಡವುವ ಕಡೆಗಳು ಕೆಲವೇ. ಪದದ ಕೊನೆಗೆ ಒಂದು ‘ಉ’ ಸೇರಿಸುತ್ತೇವೆ: ರೂಟು, ಪಲ್ಪು, ಬೋನು. ‘ಎ’ಯಿಂದ ಶುರುವಾಗುವ ಪದದ ಮುಂದೆ ‘ಯ’ ಬಂದುಬಿಡುತ್ತದೆ: ಯೆನಾಮೆಲ್. ಬರೆದಿರುವ ಎಲ್ಲ ಅಕ್ಷರವನ್ನೂ ಉಚ್ಚರಿಸುವುದು ಕನ್ನಡದಲ್ಲಿ ಸರಿ. ಇಂಗ್ಲಿಷಿನಲ್ಲಿ ಟೆರಿಗಾಯ್ಡ್ ಎಂಬ ಸ್ನಾಯುವಿನ ಹೆಸರಿನ ಮೊದಲ ‘ಪಿ’ಗೆ ದನಿಯೇ ಇಲ್ಲ. ‘ಐಟಿಸ್’ ಎಂದು ಮುಗಿಯುವ ಪದಗಳಲ್ಲಿ ಒತ್ತು ‘ಐ’ ಮೇಲೆ ಬೀಳಬೇಕು: ಪಲ್ಪೈಟಿಸ್, ಜಿಂಜಿವೈಟಿಸ್. ಮ್ಯಾಂಡಿಬಲ್ ಎನ್ನುವಾಗ ಮೊದಲ ಅಕ್ಷರಕ್ಕೆ ಒತ್ತು, ಮ್ಯಾಂಡಿಬ್ಯುಲರ್ ಎನ್ನುವಾಗ ಒತ್ತು ‘ಡಿ’ಗೆ ಸರಿಯುತ್ತದೆ. ಬ್ರಿಟಿಷರ ಹಾಗೆ, ಅಮೆರಿಕದವರ ಹಾಗೆ ಮಾತಾಡಬೇಕಾದ ಅಗತ್ಯ ಖಂಡಿತ ಇಲ್ಲ. ಕೇಳುವವರು ‘ಏನು?’ ಎಂದು ಎರಡನೆಯ ಸಲ ಕೇಳದಿದ್ದರೆ ನಿಮ್ಮ ಉಚ್ಚಾರ ಸರಿಯಿದೆ. ಇದನ್ನು ಪರೀಕ್ಷಿಸಲು ಸುಲಭದ ಉಪಾಯ: ಫೋನಿನ ವಾಯ್ಸ್ ಟೈಪಿಂಗನ್ನು ಭಾರತದ ಇಂಗ್ಲಿಷಿಗೆ ಇಟ್ಟು ಒಂದು ವಾಕ್ಯ ಹೇಳಿ. ನೀವು ಹೇಳಿದ್ದೇ ಪರದೆಯ ಮೇಲೆ ಬಂದರೆ ಮುಂದಿನ ವಾಕ್ಯಕ್ಕೆ ಹೋಗಿ.

ಹಲ್ಲಿನ ಸಂಖ್ಯೆ ಹೇಳುವುದನ್ನೂ ಆಗಲೇ ರೂಢಿ ಮಾಡಿಕೊಳ್ಳಿ. ನಮ್ಮಲ್ಲಿ ಬಳಸುವುದು ಎಫ್‌ಡಿಐ ಪದ್ಧತಿ. ಮೊದಲ ಅಂಕಿ ಬಾಯಿಯ ಯಾವ ಕಾಲುಭಾಗ ಎಂದು ಹೇಳುತ್ತದೆ, ಎರಡನೆಯದು ನಡುಗೆರೆಯಿಂದ ಎಷ್ಟನೆಯ ಹಲ್ಲು ಎಂದು. ಕೆಳಗಿನ ಎಡಭಾಗದ ಮೊದಲ ದವಡೆ ಹಲ್ಲು 36. ಅದನ್ನು ಥರ್ಟಿ ಸಿಕ್ಸ್ ಎನ್ನಬಾರದು, ತ್ರೀ ಸಿಕ್ಸ್ ಎನ್ನಬೇಕು. ಮಕ್ಕಳ ಹಾಲುಹಲ್ಲುಗಳು 51ರಿಂದ 85ರವರೆಗಿನ ಸಂಖ್ಯೆಗಳಲ್ಲಿ ಬರುತ್ತವೆ. ಅಮೆರಿಕದ ವಿಡಿಯೋ ನೋಡಿ ಕಲಿಯುವವರು ಇಲ್ಲಿ ಎಚ್ಚರವಾಗಿರಬೇಕು: ಅಲ್ಲಿ 1ರಿಂದ 32ರವರೆಗೆ ಉದ್ದಕ್ಕೆ ಎಣಿಸುತ್ತಾರೆ, ನಮ್ಮ 36 ಅವರಿಗೆ 19. ಕನ್ನಡಿಯ ಮುಂದೆ ನಿಂತು ನಿಮ್ಮದೇ ಒಂದೊಂದು ಹಲ್ಲನ್ನು ತೋರಿಸಿ ಸಂಖ್ಯೆ, ಹೆಸರು, ಮೇಲ್ಮೈಗಳನ್ನು ಹೇಳಿ: ಮೀಸಿಯಲ್, ಡಿಸ್ಟಲ್, ಬಕಲ್, ಲಿಂಗ್ವಲ್, ಅಕ್ಲೂಸಲ್. ಮೇಲಿನ ಹಲ್ಲುಗಳ ಒಳಬದಿಗೆ ಲಿಂಗ್ವಲ್ ಬದಲು ಪ್ಯಾಲಟಲ್.

ಏಕವಚನ ಬಹುವಚನದ ಬಗ್ಗೆ ಒಂದು ಮಾತು. ಒಂದು ಟೂತ್, ಎರಡು ಟೀತ್. ಇದೊಂದು ತಪ್ಪು ಇಂಟರ್ನ್‌ಶಿಪ್‌ವರೆಗೂ ಬೆನ್ನು ಬಿಡದೆ ಬರುವುದನ್ನು ನೋಡಿದ್ದೇನೆ. ಲ್ಯಾಟಿನ್ ಮೂಲದವು ಬೇರೆ ರೀತಿ ಬದಲಾಗುತ್ತವೆ: ಒಂದು ಫೊರಾಮೆನ್, ಎರಡು ಫೊರಾಮಿನಾ; ಒಂದು ಏಪೆಕ್ಸ್, ಎರಡು ಏಪಿಸೀಸ್; ಒಂದು ಬ್ಯಾಕ್ಟೀರಿಯಂ, ಎರಡು ಬ್ಯಾಕ್ಟೀರಿಯಾ. ಎದುರಾದ ಹಾಗೆ ಜೋಡಿಯಾಗಿ ಬರೆದಿಟ್ಟುಕೊಳ್ಳಿ.

ಎರಡನೆಯ ವರ್ಷ: ಪದಗಳನ್ನು ಬಿಡಿಸಿ

ಪೆಥಾಲಜಿ, ಫಾರ್ಮಕಾಲಜಿ ಬಂದಾಗ ಹೊಸ ಪದಗಳು ಮಳೆಗಾಲದ ಪಯಸ್ವಿನಿ ಹೊಳೆಯ ಹಾಗೆ ನುಗ್ಗುತ್ತವೆ. ಒಂದೊಂದನ್ನೂ ಬಾಯಿಪಾಠ ಮಾಡುವವರು ಬೇಗ ಸೋಲುತ್ತಾರೆ. ಈ ಪದಗಳು ಗ್ರೀಕ್, ಲ್ಯಾಟಿನ್ ತುಂಡುಗಳಿಂದ ಕಟ್ಟಿದವು, ತುಂಡುಗಳ ಸಂಖ್ಯೆಯೂ ದೊಡ್ಡದಲ್ಲ. ಒಡಾಂಟ್ ಎಂದರೆ ಹಲ್ಲು, ಗ್ಲಾಸ್ ಎಂದರೆ ನಾಲಿಗೆ, ಜಿಂಜಿವ್ ಎಂದರೆ ಒಸಡು, ಕೈಲ್ ಎಂದರೆ ತುಟಿ, ಸಿಯಾಲ್ ಎಂದರೆ ಜೊಲ್ಲು, ಸ್ಟೋಮ ಎಂದರೆ ಬಾಯಿ. ಕೊನೆಯ ತುಂಡುಗಳಲ್ಲಿ ಐಟಿಸ್ ಉರಿಯೂತ, ಎಕ್ಟಮಿ ಕತ್ತರಿಸಿ ತೆಗೆಯುವುದು, ಆಲ್ಜಿಯಾ ನೋವು. ಇಷ್ಟು ಗೊತ್ತಿದ್ದವರಿಗೆ ಗ್ಲಾಸೈಟಿಸ್, ಕೈಲೈಟಿಸ್, ಒಡಾಂಟಾಲ್ಜಿಯಾ, ಜಿಂಜಿವೆಕ್ಟಮಿ ಯಾವುದೂ ಹೊಸತಲ್ಲ. ನೋಟ್‌ಬುಕ್ಕಿನಲ್ಲಿ ಒಂದು ತುಂಡಿಗೆ ಒಂದು ಪುಟ ಕೊಡಿ, ಪದ ಸಿಕ್ಕಿದ ಹಾಗೆ ಆ ಪುಟಕ್ಕೆ ಸೇರಿಸುತ್ತಾ ಹೋಗಿ. ಅರ್ಥವನ್ನು ಕನ್ನಡದಲ್ಲೇ ಬರೆಯಿರಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮೂರನೆಯ ವರ್ಷ: ಕೇಸ್ ಹಿಸ್ಟರಿ

ಇಡೀ ಕಲಿಕೆಯ ಜೀವ ಇರುವುದು ಇಲ್ಲಿ. ಕ್ಲಿನಿಕಲ್ ಪೋಸ್ಟಿಂಗ್ ಶುರುವಾದ ಮೇಲೆ ದಿನವೂ ರೋಗಿ, ದಿನವೂ ಕೇಸ್ ಶೀಟ್. ಕಾಪಿ ಹೊಡೆದ ಸಿದ್ಧ ವಾಕ್ಯಗಳಿಂದ ಶೀಟ್ ತುಂಬಿಸಿ ಮುಗಿಸಬೇಕಾದ ಕೇಸ್‌ಗಳ ಕೋಟಾ ಮುಗಿಸಬಹುದು, ಅನೇಕರು ಹಾಗೇ ಮಾಡುತ್ತಾರೆ. ಹಾಗೆ ಮಾಡಿದರೆ ಇಂಗ್ಲಿಷೂ ಬರುವುದಿಲ್ಲ, ರೋಗನಿರ್ಣಯವೂ ಬರುವುದಿಲ್ಲ.

ಬದಿಯಡ್ಕದ ಕಡೆಯ ಒಬ್ಬ ಅಜ್ಜ ಕುರ್ಚಿಯಲ್ಲಿ ಕೂತು ಹೀಗೆ ಹೇಳುತ್ತಾರೆ ಎಂದುಕೊಳ್ಳಿ: ‘ಎಡದ ಬದಿ ಕೆಳಗೆ, ಹಿಂದಿನ ಹಲ್ಲು ಮಗಾ, ಮೂರು ದಿವಸ ಆಯಿತು. ರಾತ್ರಿ ಮಲಗಿದರೆ ಜೋರಾಗುತ್ತದೆ. ತಣ್ಣೀರು ಕುಡಿದರೆ ಕಿವಿವರೆಗೆ ಸಿಡಿಯುತ್ತದೆ.’

ಮೊದಲ ಕೆಲಸ: ಅವರ ಮಾತನ್ನು ಅವರ ಭಾಷೆಯಲ್ಲೇ ನಿಮ್ಮ ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳಿ. ಹೆಸರು, ಊರು, ಫೋನ್ ನಂಬರ್ ಬೇಡ. ದನಿಮುದ್ರಣವಂತೂ ಬೇಡವೇ ಬೇಡ. ಚೀಫ್ ಕಂಪ್ಲೇಂಟನ್ನು, ಅಂದರೆ ಮುಖ್ಯ ದೂರನ್ನು, ರೋಗಿಯ ಮಾತಿನಲ್ಲೇ ಬರೆಯಬೇಕು ಎಂಬುದು ಕೇಸ್ ಹಿಸ್ಟರಿಯ ನಿಯಮ ಕೂಡ. ಅಂದರೆ ಅವರು ಹೇಳದ ವೈದ್ಯಕೀಯ ಪದವನ್ನು ಅವರ ಬಾಯಿಗೆ ತುರುಕಬಾರದು. ಆಮೇಲೆ ಅದನ್ನು ಒಂದೇ ಸರಳ ಇಂಗ್ಲಿಷ್ ವಾಕ್ಯ ಮಾಡಿ: ‘ಪೇಷೆಂಟ್ ಕಂಪ್ಲೇನ್ಸ್ ಆಫ್ ಪೇನ್ ಇನ್ ದ ಲೋವರ್ ಲೆಫ್ಟ್ ಬ್ಯಾಕ್ ಟೂತ್ ರೀಜನ್ ಫಾರ್ ದ ಪಾಸ್ಟ್ ತ್ರೀ ಡೇಸ್.’ ಇಲ್ಲಿ ‘ಸಿನ್ಸ್ ತ್ರೀ ಡೇಸ್’ ಎಂದು ಬರೆಯುವವರೇ ಹೆಚ್ಚು. ಸಿನ್ಸ್ ಬಂದರೆ ಶುರುವಾದ ದಿನ ಹೇಳಬೇಕು, ಸಿನ್ಸ್ ಮಂಡೇ. ಎಷ್ಟು ಕಾಲದಿಂದ ಎನ್ನುವುದಕ್ಕೆ ಫಾರ್. ‘ಟೂತ್ ಈಸ್ ಪೇನಿಂಗ್’ ಎನ್ನುವುದು ನಮ್ಮ ದೇಶದಲ್ಲಿ ಎಲ್ಲೆಡೆ ನಡೆಯುತ್ತದೆ. ಕೇಸ್ ಶೀಟಿನಲ್ಲಿ ಮಾತ್ರ ‘ಹ್ಯಾಸ್ ಪೇನ್’ ಅಥವಾ ‘ಕಂಪ್ಲೇನ್ಸ್ ಆಫ್ ಪೇನ್’ ಎಂದು ಬರೆಯಿರಿ.

ಇನ್ನು ನೋವಿನ ಇತಿಹಾಸ. ಎಲ್ಲಿ, ಯಾವಾಗ ಶುರು, ಯಾವ ಥರ, ಎಲ್ಲಿಗೆ ಹರಡುತ್ತದೆ, ಜೊತೆಗೆ ಬೇರೇನಾದರೂ ಇದೆಯೇ, ಬಂದು ಹೋಗುತ್ತದೆಯೇ ಇದ್ದೇ ಇರುತ್ತದೆಯೇ, ಯಾವುದರಿಂದ ಹೆಚ್ಚು, ಯಾವುದರಿಂದ ಕಡಿಮೆ, ಎಷ್ಟು ಜೋರು. ಇಂಗ್ಲಿಷಿನಲ್ಲಿ ಇವುಗಳ ಮೊದಲಕ್ಷರ ಸೇರಿಸಿ ಸಾಕ್ರಟೀಸ್ ಎಂಬ ನೆನಪಿನ ಸೂತ್ರ ಮಾಡಿದ್ದಾರೆ: ಸೈಟ್, ಆನ್ಸೆಟ್, ಕ್ಯಾರೆಕ್ಟರ್, ರೇಡಿಯೇಶನ್, ಅಸೋಸಿಯೇಶನ್ಸ್, ಟೈಮ್, ಎಕ್ಸಾಸರ್ಬೇಟಿಂಗ್ ಆರ್ ರಿಲೀವಿಂಗ್ ಫ್ಯಾಕ್ಟರ್ಸ್, ಸಿವಿಯರಿಟಿ. ಈ ಪ್ರತಿಯೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಸಾಧ್ಯವಾದರೆ ತುಳು, ಮಲಯಾಳದಲ್ಲೂ ಬರೆದಿಟ್ಟುಕೊಳ್ಳಿ.

ನೋವಿನ ಗುಣ ಹೇಳುವ ಪದಗಳ ಮೇಲೆ ಹೆಚ್ಚು ಹೊತ್ತು ಕೊಡಿ, ಏಕೆಂದರೆ ಇಲ್ಲಿ ಪದ ತಪ್ಪಿದರೆ ರೋಗವೇ ತಪ್ಪುತ್ತದೆ. ಒಳಗೆ ಬಡಿದುಕೊಳ್ಳುವ ನೋವು ತ್ರಾಬಿಂಗ್. ಮಂದವಾಗಿ ಇದ್ದೇ ಇರುವುದು ಡಲ್ ಏಕ್. ಚುಚ್ಚಿದ ಹಾಗೆ ಶಾರ್ಪ್. ಕರೆಂಟ್ ಹೊಡೆದ ಹಾಗೆ ಬಂದು ಕ್ಷಣದಲ್ಲಿ ಹೋಗುವುದು ಎಲೆಕ್ಟ್ರಿಕ್ ಶಾಕ್ ಲೈಕ್. ಅದು ಹಲ್ಲಿನದ್ದಾಗಿರದೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ಮುಖದ ನರದ ನೋವು ಆಗಿರಬಹುದು, ಸುಮ್ಮನೆ ‘ಸಿವಿಯರ್ ಪೇನ್’ ಎಂದು ಬರೆದರೆ ಆ ಸುಳಿವು ಅಲ್ಲೇ ಹೂತುಹೋಗುತ್ತದೆ. ಜುಮ್ ಎನ್ನುವುದು ಸೆನ್ಸಿಟಿವಿಟಿ. ಮಲಯಾಳ ಮಾತಾಡುವ ಚೇಚಿಯೊಬ್ಬರು ಹಲ್ಲಿಗೆ ‘ಪುಳಿಪ್ಪ್’ ಎಂದರೆ ಅವರು ಹೇಳುವುದೂ ಇದನ್ನೇ; ಹುಳಿ ರುಚಿ ಎಂದು ಬರೆದುಬಿಡಬೇಡಿ. ‘ಮೋಣ’ ಅಂದರೆ ಒಸಡು. ತುಳುವಿನಲ್ಲಿ ‘ಕೂಲಿ ಬೇನೆ’ ಎಂದರೆ ಹಲ್ಲುನೋವು. ಇಂಥವನ್ನು ಹೊರಗಿನಿಂದ ಬಂದ ಸಹಪಾಠಿಗಳು ನಿಮ್ಮನ್ನೇ ಕೇಳುತ್ತಾರೆ. ಅವರಿಗೆ ಹೇಳಿಕೊಡಿ, ಅದೂ ಇಂಗ್ಲಿಷಿನಲ್ಲೇ ಹೇಳಿಕೊಡಿ.

ಆ ಅಜ್ಜನನ್ನು ಇನ್ನೂ ಒಂದು ಪ್ರಶ್ನೆ ಕೇಳಬೇಕು: ತಣ್ಣೀರು ಕುಡಿದು ಆದ ಮೇಲೆ ನೋವು ಎಷ್ಟು ಹೊತ್ತು ನಿಲ್ಲುತ್ತದೆ? ಕೆಲವು ಕ್ಷಣಗಳಲ್ಲಿ ಹೋದರೆ ರಿವರ್ಸಿಬಲ್ ಪಲ್ಪೈಟಿಸ್, ಅಂದರೆ ಹಲ್ಲಿನ ತಿರುಳಿನ ವಾಸಿಯಾಗಬಲ್ಲ ಉರಿಯೂತದ ಕಡೆಗೆ ಯೋಚಿಸಬೇಕು. ನಿಮಿಷಗಟ್ಟಲೆ ಉಳಿದರೆ, ತಾನಾಗಿಯೇ ಬಂದರೆ, ಮಲಗಿದಾಗ ಹೆಚ್ಚಾದರೆ ಇರಿವರ್ಸಿಬಲ್, ಅಂದರೆ ವಾಸಿಯಾಗದ ಬಗೆಯ ಕಡೆಗೆ. ಇಲ್ಲಿ ಬೇಕಾದ ಇಂಗ್ಲಿಷ್ ಪದ ಲಿಂಗರ್ಸ್. ‘ದ ಪೇನ್ ಲಿಂಗರ್ಸ್ ಫಾರ್ ಸೆವರಲ್ ಮಿನಿಟ್ಸ್ ಆಫ್ಟರ್ ದ ಕೋಲ್ಡ್ ಈಸ್ ರಿಮೂವ್ಡ್’ ಎಂಬ ಒಂದು ವಾಕ್ಯ ಬರೆದ ವಿದ್ಯಾರ್ಥಿಗೆ ವಿಷಯ ತಿಳಿದಿದೆ ಎಂದು ಯಾವ ಸ್ಟಾಫ್‌ಗೂ ಅರ್ಥವಾಗುತ್ತದೆ.

ಅಭ್ಯಾಸಗಳ ವಿವರವನ್ನು ನಮ್ಮ ಜಿಲ್ಲೆಯಲ್ಲಿ ಎಂದೂ ಒಂದು ಗೆರೆಯಲ್ಲಿ ಮುಗಿಸಬೇಡಿ. ಇದು ಅಡಿಕೆಯ ನಾಡು, ಎಲೆಯಡಿಕೆಯ ತಟ್ಟೆ ಇಲ್ಲದ ಹಳೆಯ ಮನೆ ಕಡಿಮೆ. ಬಾಯಿಯ ಒಳಪದರ ಗಟ್ಟಿಯಾಗುತ್ತಾ ಹೋಗುವ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ರೋಗಕ್ಕೆ ಅಡಿಕೆ ಜಗಿಯುವುದು ಮುಖ್ಯ ಕಾರಣ. ‘ಚ್ಯೂಸ್ ಪಾನ್’ ಎಂದಷ್ಟೇ ಬರೆದರೆ ಸಾಲದು. ಹೊಗೆಸೊಪ್ಪು ಸೇರಿಸಿಯೋ ಸೇರಿಸದೆಯೋ, ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷದಿಂದ, ಯಾವ ಕೆನ್ನೆಯ ಬದಿಗೆ ಇಟ್ಟುಕೊಳ್ಳುತ್ತಾರೆ, ಉಗುಳುತ್ತಾರೋ ನುಂಗುತ್ತಾರೋ, ಈ ಐದೂ ಬರಬೇಕು. ‘ಖಾರ ತಿಂದರೆ ಬಾಯಿ ಉರಿಯುತ್ತದೆ’ ಎಂದರೆ ಬರ್ನಿಂಗ್ ಸೆನ್ಸೇಶನ್ ಆನ್ ಈಟಿಂಗ್ ಸ್ಪೈಸಿ ಫುಡ್. ‘ಮೊದಲಿನ ಹಾಗೆ ಬಾಯಿ ತೆರೆಯುವುದಿಲ್ಲ’ ಎಂದರೆ ರಿಡ್ಯೂಸ್ಡ್ ಮೌತ್ ಓಪನಿಂಗ್. ಅದನ್ನು ಮೇಲಿನ ಕೆಳಗಿನ ಮುಂಭಾಗದ ಹಲ್ಲುಗಳ ನಡುವಿನ ಅಂತರವಾಗಿ ಮಿಲಿಮೀಟರಿನಲ್ಲಿ ಅಳೆದು ಬರೆಯಬೇಕು.

ಕಾಲಗಳ ವಿಷಯದಲ್ಲಿ ಒಂದು ಸರಳ ಕ್ರಮ ಇಟ್ಟುಕೊಳ್ಳಿ. ದೂರು ವರ್ತಮಾನದಲ್ಲಿ, ಹಿಂದೆ ನಡೆದದ್ದು ಭೂತಕಾಲದಲ್ಲಿ, ನೀವು ಮಾಡಿದ ಚಿಕಿತ್ಸೆ ಕರ್ಮಣಿ ಪ್ರಯೋಗದಲ್ಲಿ: ‘ಕೇರೀಸ್ ವಾಸ್ ಎಕ್ಸ್‌ಕವೇಟೆಡ್’, ‘ಟೂತ್ ತ್ರೀ ಸಿಕ್ಸ್ ವಾಸ್ ಎಕ್ಸ್‌ಟ್ರ್ಯಾಕ್ಟೆಡ್ ಅಂಡರ್ ಲೋಕಲ್ ಅನಸ್ತೀಶಿಯಾ’. ಕನ್ನಡದಲ್ಲಿ ಕರ್ಮಣಿ ಪ್ರಯೋಗ ಕೃತಕವಾಗಿ ಕೇಳುತ್ತದೆ, ಅದಕ್ಕೇ ನಮಗೆ ಅದು ಸಹಜವಾಗಿ ಬರುವುದಿಲ್ಲ. ಚಿಕಿತ್ಸೆಯ ದಾಖಲೆಯಲ್ಲಿ ಅದೇ ವಾಡಿಕೆ.

ಸ್ಟಾಫ್ ಎದುರು ಅರ್ಧ ನಿಮಿಷ

ಬರೆದದ್ದನ್ನು ನೋಡಿ ಓದದೆ ಹೇಳುವ ಅಭ್ಯಾಸ ಬೇಕು. ವಯಸ್ಸು ಮತ್ತು ಲಿಂಗ, ದೂರು, ಮುಖ್ಯವಾದ ಇತಿಹಾಸ, ಪರೀಕ್ಷೆಯಲ್ಲಿ ಕಂಡದ್ದು, ನಿಮ್ಮ ಪ್ರೊವಿಜನಲ್ ಡಯಗ್ನೋಸಿಸ್ (ತಾತ್ಕಾಲಿಕ ರೋಗನಿರ್ಣಯ), ಈ ಅನುಕ್ರಮ ಬದಲಾಗದಿರಲಿ. ‘ಮ್ಯಾಮ್, ದಿಸ್ ಈಸ್ ಎ ಸಿಕ್ಸ್‌ಟಿ ಇಯರ್ ಓಲ್ಡ್ ಮೇಲ್ ಪೇಷೆಂಟ್ ಹೂ ಕೇಮ್ ವಿತ್...’ ಎಂದು ಶುರುವಾದರೆ ಉಳಿದದ್ದು ತನ್ನ ದಾರಿ ಹಿಡಿಯುತ್ತದೆ. ಮಂಜೇಶ್ವರ, ಉಪ್ಪಳದಿಂದ ಮಂಗಳೂರು ಕಡೆಯ ಕಾಲೇಜಿಗೆ ದಿನವೂ ರೈಲಿನಲ್ಲೋ ಬಸ್ಸಿನಲ್ಲೋ ಹೋಗುವವರು ಆ ಹೊತ್ತನ್ನು ಇದಕ್ಕೆ ಇಡಿ. ಒಬ್ಬರು ರೋಗಿ, ಒಬ್ಬರು ವಿದ್ಯಾರ್ಥಿ, ಒಬ್ಬರು ಸ್ಟಾಫ್. ತೊಕ್ಕೊಟ್ಟು ಬರುವಷ್ಟರಲ್ಲಿ ಎರಡು ಕೇಸ್ ಮುಗಿಯುತ್ತದೆ. ರೋಗಿಯಾದವರು ಕಡ್ಡಾಯವಾಗಿ ತಮ್ಮ ಮನೆಮಾತಿನಲ್ಲೇ ಮಾತಾಡಬೇಕು.

ವೈವಾದಲ್ಲಿ ಕಷ್ಟವಾಗುವುದು ಮೊದಲ ವಾಕ್ಯ ಮಾತ್ರ. ‘ಇಟ್ ಈಸ್ ಡಿಫೈನ್ಡ್ ಆಸ್’, ‘ಇಟ್ ಕ್ಯಾನ್ ಬಿ ಕ್ಲಾಸಿಫೈಡ್ ಇಂಟು’, ‘ದ ಮೋಸ್ಟ್ ಕಾಮನ್ ಕಾಸ್ ಈಸ್’ ಎಂಬಂಥ ಆರಂಭಗಳು ನಿದ್ದೆಯಲ್ಲೂ ಬರುವ ಹಾಗಿರಲಿ. ವರ್ಗೀಕರಣಗಳನ್ನು ಹೇಳಿ ಹೇಳಿಯೇ ಕಲಿಯಿರಿ: ದಂತವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ಮಾಡಿದ ಮ್ಯಾಲಕ್ಲೂಶನ್ (ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂಡದಿರುವುದು) ವಿಂಗಡಣೆಯನ್ನು ‘ಕ್ಲಾಸ್ ಟೂ ಡಿವಿಜನ್ ವನ್’ ಎಂದು ಸರಾಗವಾಗಿ ಹೇಳಬೇಕು. ಯೋಚಿಸಲು ಹೊತ್ತು ಬೇಕಿದ್ದರೆ ‘ಮೇ ಐ ಟೇಕ್ ಎ ಮೊಮೆಂಟ್, ಸರ್’ ಎಂದು ಕೇಳಿ. ಮೌನವಾಗಿ ನಿಂತರೆ ಗೊತ್ತಿಲ್ಲ ಎಂದೇ ಅವರು ತಿಳಿಯುತ್ತಾರೆ.

ರೋಗಿಗೆ ಹೇಳುವ ಇಂಗ್ಲಿಷ್

ಪಠ್ಯದ ಇಂಗ್ಲಿಷ್ ರೋಗಿಯ ಕಿವಿಗೆ ಹಾಕುವಂಥದ್ದಲ್ಲ. ಇಂಗ್ಲಿಷಿನಲ್ಲೇ ಮಾತಾಡುವ ರೋಗಿಗೂ ಎಕ್ಸ್‌ಟ್ರ್ಯಾಕ್ಷನ್ ಎನ್ನುವ ಬದಲು ‘ಟೇಕ್ ದ ಟೂತ್ ಔಟ್’, ಅನಸ್ತೀಶಿಯಾ ಎನ್ನುವ ಬದಲು ‘ಮೇಕ್ ಇಟ್ ನಂಬ್’ ಎನ್ನಬೇಕು. ಅಭ್ಯಾಸಕ್ಕೆ ಹಲ್ಲು ಕಿತ್ತ ಮೇಲಿನ ಸೂಚನೆಗಳಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ, ಎಲ್ಲವೂ ಚಿಕ್ಕ ವಾಕ್ಯಗಳು: ‘ಬೈಟ್ ಫರ್ಮ್ಲಿ ಆನ್ ದ ಗಾಜ್. ಡೋಂಟ್ ಸ್ಪಿಟ್. ಡೋಂಟ್ ರಿನ್ಸ್ ಯುವರ್ ಮೌತ್ ಟುಡೇ. ಈಟ್ ಸಮ್‌ತಿಂಗ್ ಸಾಫ್ಟ್ ಆ್ಯಂಡ್ ಕೂಲ್. ನೋ ಸ್ಮೋಕಿಂಗ್.’ ಇದನ್ನೇ ಕನ್ನಡದಲ್ಲಿ ಹೇಳುವಾಗ ಊರಿನ ಬದುಕಿಗೆ ತಕ್ಕಂತೆ ಹೇಳಿ: ಹತ್ತಿ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ, ಉಗುಳಬೇಡಿ, ಇವತ್ತು ಬಾಯಿ ಮುಕ್ಕಳಿಸಬೇಡಿ, ಗಂಜಿ ಆರಿದ ಮೇಲೆ ಉಣ್ಣಿ, ಬೀಡಿ ಎಲೆಯಡಿಕೆ ಬೇಡ. ಕೊನೆಗೆ ‘ಮನೆಗೆ ಹೋಗಿ ಏನು ಮಾಡುತ್ತೀರಿ, ಒಮ್ಮೆ ಹೇಳಿ ಅಮ್ಮಾ’ ಎಂದು ಕೇಳಿ. ಅವರು ತಿರುಗಿ ಹೇಳಿದ್ದು ತಪ್ಪಿದ್ದರೆ ವಿವರಣೆಯನ್ನೇ ಬದಲಿಸಿ. ಸ್ಕೇಲಿಂಗ್ ಮಾಡಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಂಬಿದ ಅಕ್ಕನಿಗೆ ಪಾಚಿಗಟ್ಟಿ ಕಲ್ಲಾದದ್ದನ್ನು ತೆಗೆದಾಗ ಅದು ತುಂಬಿದ್ದ ಜಾಗ ಕಾಣುತ್ತದೆ ಎಂದು ಕನ್ನಡದಲ್ಲಿ ಒಪ್ಪಿಸಬಲ್ಲಿರಾದರೆ, ಅದೇ ವಿವರಣೆಯನ್ನು ಅದೇ ದಿನ ಸಂಜೆ ಇಂಗ್ಲಿಷಿನಲ್ಲಿ ಹೇಳಿ ನೋಡಿ. ಏನು ಹೇಳಬೇಕೆಂಬುದು ಆಗಲೇ ತಲೆಯಲ್ಲಿ ಇರುವುದರಿಂದ ಪದ ಹುಡುಕುವ ಕೆಲಸವಷ್ಟೇ ಉಳಿದಿರುತ್ತದೆ.

ಇಂಟರ್ನ್‌ಶಿಪ್: ಪತ್ರ ಬರೆಯುವುದು

ನಾಲ್ಕು ವರ್ಷ ಮುಗಿದು ಒಂದು ವರ್ಷದ ಇಂಟರ್ನ್‌ಶಿಪ್‌ಗೆ ಬಂದಾಗ ರೋಗಿಯನ್ನು ಬೇರೆ ವೈದ್ಯರ ಬಳಿಗೆ ಕಳಿಸುವ ರೆಫರಲ್ ಪತ್ರ ಕಲಿಯಿರಿ. ಮೊದಲ ವಾಕ್ಯದಲ್ಲೇ ಏಕೆ ಕಳಿಸುತ್ತಿದ್ದೀರಿ ಎಂಬುದು ಬರಬೇಕು: ‘ಥ್ಯಾಂಕ್ ಯೂ ಫಾರ್ ಸೀಯಿಂಗ್ ದಿಸ್ ಪೇಷೆಂಟ್, ಹೂ ಹ್ಯಾಸ್ ಪೇನ್ ಆ್ಯಂಡ್ ಸ್ವೆಲಿಂಗ್ ಅರೌಂಡ್ ಆ್ಯನ್ ಇಂಪ್ಯಾಕ್ಟೆಡ್ ತ್ರೀ ಏಟ್, ಫಾರ್ ಅಸೆಸ್‌ಮೆಂಟ್ ಆ್ಯಂಡ್ ಪಾಸಿಬಲ್ ಸರ್ಜಿಕಲ್ ರಿಮೂವಲ್.’ ಆಮೇಲೆ ಕಂಡದ್ದು, ಈವರೆಗೆ ಕೊಟ್ಟ ಔಷಧಿ, ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳುಮಾಡುವ ಮಾತ್ರೆ, ಅಲರ್ಜಿ. ಪತ್ರ ಓದುವವರಿಗೆ ಬೇಡವಾದದ್ದನ್ನು ಬಿಟ್ಟುಬಿಡುವುದೂ ಬರವಣಿಗೆಯ ಭಾಗ. ನಮ್ಮವರು ಎಲ್ಲವನ್ನೂ ತುಂಬಿಸುತ್ತಾರೆ.

ಕಾಸರಗೋಡಿನಿಂದ ಹೊರದೇಶಕ್ಕೆ ಹೋಗುವ ಯೋಚನೆ ಇರುವವರು ಬಹಳ. ಕೊಲ್ಲಿ ದೇಶಗಳ ಪರವಾನಗಿ ಪರೀಕ್ಷೆಗಳು ಹೆಚ್ಚಾಗಿ ಕಂಪ್ಯೂಟರಿನಲ್ಲಿ ಬರೆಯುವ ಬಹು ಆಯ್ಕೆಯ ಪ್ರಶ್ನೆಗಳು. ಅದಕ್ಕೆ ಬೇಕಾದದ್ದು ಓದುವ ವೇಗ. ಆಸ್ಟ್ರೇಲಿಯ, ನ್ಯೂಜಿಲೆಂಡ್ ಕಡೆ ಹೋಗುವವರಿಗೆ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಇದೆ. ವೈದ್ಯಕೀಯ ವೃತ್ತಿಗಳಿಗಾಗಿಯೇ ಮಾಡಿದ ಇದರಲ್ಲಿ ದಂತವೈದ್ಯಕೀಯ ಪ್ರತ್ಯೇಕ ವಿಭಾಗ. ಕೇಳುವುದು, ಓದುವುದು ಎಲ್ಲ ವೃತ್ತಿಯವರಿಗೂ ಒಂದೇ. ಬರೆಯುವುದು, ಮಾತಾಡುವುದು ನಿಮ್ಮ ವೃತ್ತಿಯದೇ. ಬರವಣಿಗೆಗೆ 45 ನಿಮಿಷ, ಅದರಲ್ಲಿ ಮೊದಲ 5 ನಿಮಿಷ ಟಿಪ್ಪಣಿ ಓದಲು. ಬರೆಯಬೇಕಾದದ್ದು ಸುಮಾರು 180ರಿಂದ 200 ಪದಗಳ ಪತ್ರ, ಹೆಚ್ಚಾಗಿ ರೆಫರಲ್. ಮಾತಿನಲ್ಲಿ ಎರಡು ರೋಲ್‌ಪ್ಲೇ, ಒಂದೊಂದೂ ಸುಮಾರು 5 ನಿಮಿಷ, ಎದುರಿನವರು ರೋಗಿಯ ಪಾತ್ರ. ರೈಲಿನಲ್ಲಿ ಮಾಡಿದ ಅಭ್ಯಾಸವೇ ಇದು. ಅಂಕ 500ಕ್ಕೆ, ಬಿ ಗ್ರೇಡ್ 350ರಿಂದ ಶುರು. ಫಲಿತಾಂಶವನ್ನು ಸಾಮಾನ್ಯವಾಗಿ ಎರಡು ವರ್ಷದವರೆಗೆ ಮಾತ್ರ ಒಪ್ಪುವುದರಿಂದ ಕೊನೆಯ ವರ್ಷದ ಉತ್ಸಾಹದಲ್ಲಿ ದುಡ್ಡು ಕಟ್ಟಿ ಬರೆದುಬಿಡಬೇಡಿ. ಇಂಟರ್ನ್‌ಶಿಪ್ ಮುಗಿದು, ಯಾವ ದೇಶಕ್ಕೆ ಎಂಬುದು ನಿಶ್ಚಯವಾಗಿ, ಅಲ್ಲಿನ ಡೆಂಟಲ್ ಕೌನ್ಸಿಲ್ ಯಾವ ಗ್ರೇಡ್ ಕೇಳುತ್ತದೆ ಎಂದು ಅವರ ಜಾಲತಾಣದಲ್ಲೇ ನೋಡಿಕೊಂಡ ಮೇಲೆ ನೋಂದಾಯಿಸಿ.